ಸೀಲ್ ಅಲ್ಲ ಮಾರಾಯಾ, ರಾಡ್ ನೋಡು

ನಾನು ಕಾರವಾರದ ಕೋಡಿಬಾಗದವನು. ಆಗ ಕೆಲಸ ಹೊರರಾಜ್ಯದ ಒಂದು ಫ್ಲೈಯಿಂಗ್ ಸ್ಕೂಲಿನ ಹ್ಯಾಂಗರಿನಲ್ಲಿ, ಅದೂ ಕಡಲ ಪಕ್ಕದ ಊರೇ. ಅಲ್ಲಿದ್ದ ಚಕ್ರ ಮಡಚುವ ಪುಟ್ಟ ವಿಮಾನವೊಂದು ನನ್ನನ್ನು ಚೆನ್ನಾಗಿ ಸತಾಯಿಸಿತು.

ಎಣ್ಣೆಯ ಒತ್ತಡದಿಂದ ಎಡಚಕ್ರ ಮಡಚುವ ಸಿಲಿಂಡರಿನಲ್ಲಿ ರಾಡ್ ಹೊರಬರುವ ಕಡೆ ಕೆಂಪು ಎಣ್ಣೆ ಜಿನುಗುತ್ತಿತ್ತು. ಹಾರುವಾಗ ಆ ಎಣ್ಣೆಯ ಪಂಪ್ ಸುಮ್ನೆ ಸುಮ್ನೆ ಶುರುವಾಗುತ್ತದೆ ಅಂತ ಪೈಲಟ್‌ಗಳ ದೂರು ಬೇರೆ. ಸುಮ್ನೆ ಅಲ್ಲ ಅದು. ಪೈಪರ್ ಆರೋ ತರಹದ ವಿಮಾನಗಳಲ್ಲಿ ಮೇಲೆ ಹೋದ ಚಕ್ರವನ್ನು ಹಿಡಿದಿಡಲು ಕೊಕ್ಕೆ ಇಲ್ಲ, ಎಣ್ಣೆಯ ಒತ್ತಡವೇ ಹಿಡಿದಿರುತ್ತದೆ. ಎಲ್ಲಾದರೂ ಸೋರಿ ಒತ್ತಡ ಇಳಿದರೆ ಪಂಪ್ ತಾನಾಗಿ ಓಡಿ ಮತ್ತೆ ತುಂಬುತ್ತದೆ. ನಮ್ಮದೂ ಅದೇ ಜಾತಿ.

ಓರಿಂಗ್, ಅಂದ್ರೆ ರಾಡಿನ ಸುತ್ತ ಎಣ್ಣೆ ತಡೆಯುವ ರಬ್ಬರ್ ಬಳೆಯಂಥ ಸೀಲ್, ಬದಲಿಸಿದೆ. ಎರಡು ತಿಂಗಳು ಸರಿ, ಮತ್ತೆ ಜಿನುಗು. ಮತ್ತೆ ಬದಲಿಸಿದೆ. ಮೂರನೇ ಸಲ ರಿಂಗ್ ತಯಾರಿಸಿದವರನ್ನೇ ಬೈದೆ.

ಚೌತಿಗೆ ಊರಿಗೆ ಬಂದಾಗ ನನ್ನ ಹಳೇ ಬೈಕಿನ ಮುಂದಿನ ಫೋರ್ಕ್ ಎಣ್ಣೆ ಕಾರುತ್ತಿತ್ತು. ಸೀಲ್ ಹಾಕು ಅಂದೆ. ಗ್ಯಾರೇಜಿನವನು ಪೈಪಿನ ಮೇಲೆ ಉಗುರು ಆಡಿಸಿ, "ಸೀಲ್ ಎಷ್ಟು ಹಾಕಿದ್ರೂ ಅಷ್ಟೇ ಮಾರಾಯಾ, ಪೈಪ್ ನೋಡು" ಅಂದ. ಸಾಸಿವೆಗಿಂತ ಸಣ್ಣ ತುಕ್ಕಿನ ಗುಳಿಗಳು. ಕ್ರೋಮ್ ಲೇಪದಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತವೆ, ಉಪ್ಪುಗಾಳಿಯ ತೇವ ಅದರೊಳಗೆ ಇಳಿದು ಕೆಳಗಿನ ಉಕ್ಕನ್ನು ತಿನ್ನುತ್ತದೆ, ಆಮೇಲೆ ಹೊಸ ಸೀಲ್ ಹಾಕಿದರೂ ತುರಿಮಣೆಯ ಮೇಲೆ ಕಾಯಿ ಉಜ್ಜಿದ ಹಾಗೆಯೇ. ಇಷ್ಟು ಓದಿಕೊಂಡ ನನಗೆ ಹೊಳೆಯಲಿಲ್ಲ ನೋಡಿ!

ವಾಪಸ್ ಹೋಗಿ ರಾಡನ್ನು ಒರೆಸಿ, ಭೂತಗನ್ನಡಿ ಹಿಡಿದು ನೋಡಿದೆ. ಅದೇ ಗುಳಿಗಳು. ಎಮರಿ ಪೇಪರ್ ಹಾಕಿ ಉಜ್ಜೋಣ ಅನ್ನಿಸುತ್ತದೆ, ಉಜ್ಜಬೇಡಿ, ಉಳಿದ ಕ್ರೋಮೂ ಹೋಗುತ್ತದೆ. ಮ್ಯಾನ್ಯುವಲ್ ನೋಡಿ, ಎಎಂಇ (ವಿಮಾನ ನಿರ್ವಹಣೆಯ ಎಂಜಿನಿಯರ್) ಒಪ್ಪಿದ ಮೇಲೆ ರಾಡ್ ಬದಲಿಸಿದೆವು. ಓರಿಂಗ್ ಕೂರಿಸುವಾಗ ಈ ಸಲ ರಾಡಿನ ಥ್ರೆಡ್ಡಿಗೆ (ತಿರುಪಿನ ಗೆರೆಗಳಿಗೆ) ತೆಳು ಪ್ಲಾಸ್ಟಿಕ್ ಸುತ್ತಿ, ರಿಂಗಿಗೆ ಎಣ್ಣೆ ಸವರಿ ಜಾರಿಸಿದೆ. ಹಿಂದೆ ಒಂದೆರಡನ್ನು ಆ ಥ್ರೆಡ್ಡಿನ ಅಂಚಿನಲ್ಲಿ ನಾನೇ ಸೀಳಿದ್ದೆ ಅನ್ನೋ ಅನುಮಾನ ಈಗಲೂ ಇದೆ. ಜಾಕ್ ಮೇಲೆ ಎತ್ತಿ ಹತ್ತಾರು ಸಲ ಚಕ್ರ ಮಡಚಿ ಬಿಚ್ಚಿ ನೋಡಿದ ಮೇಲೆಯೇ ಹಾರಲು ಬಿಟ್ಟಿದ್ದು.

ಜಾಸ್ತಿ ಫಲ ಕೊಟ್ಟಿದ್ದು ಮಾತ್ರ ಒಂದು ಬಟ್ಟೆ ಚೂರು. ಸಂಜೆ ಕೊನೇ ಹಾರಾಟ ಮುಗಿದ ಮೇಲೆ ಸಿಲಿಂಡರಿನ ಒಳಗಿರುವ ಅದೇ ಕೆಂಪು ಎಣ್ಣೆಯಲ್ಲಿ (5606 ಅನ್ನುವ ಹೈಡ್ರಾಲಿಕ್ ಎಣ್ಣೆ) ಅದ್ದಿ ರಾಡ್ ಒರೆಸುವುದು. ಗ್ರೀಸ್ ಬೇಡ, ಮರಳು ಹಿಡಿಯುತ್ತದೆ. ಬ್ರೇಕ್ ಆಯಿಲ್ ಅಂತೂ ಹತ್ತಿರ ತರಬೇಡಿ, ಕಾರಿನ ಡಾಟ್ 3 ತಾಗಿದರೆ ಓರಿಂಗಿನ ನೈಟ್ರೈಲ್ ರಬ್ಬರ್ ಉಬ್ಬಿ ಹಾಳಾಗುತ್ತದೆ. ತೊಳೆಯುವಾಗ ಪ್ರೆಷರ್ ನೀರನ್ನು ವೈಪರ್ (ರಾಡಿನ ಕೊಳೆ ಒರೆಸುವ ಹೊರಗಿನ ರಿಂಗ್) ಕಡೆ ಹಿಡಿದರೆ ಕೊಳೆ ಸೀದಾ ಒಳಗೆ.

ಮುಂದಿನ ಮಳೆಗಾಲ ಪೂರ್ತಿ ಒಂದು ಹನಿ ಇಲ್ಲ. ಮನೆಯ ಬೈಕಿಗೆ ಮಾತ್ರ ಹೊಸ ಪೈಪ್ ಇನ್ನೂ ಹಾಕಿಸಿಲ್ಲ.