ಹಲಸಿನ ಹಣ್ಣಿನ ಗುರುತು, ಹದಿಮೂರು ದಿನ

2024ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡ ಕ್ಷೇತ್ರದಿಂದ ಪಕ್ಷೇತರನಾಗಿ ನಿಂತಿದ್ದೆ. ಗೆಲ್ಲಲಿಲ್ಲ. ಠೇವಣಿಯೂ ಹೋಯಿತು. ಮಾನ್ಯವಾದ ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬಿದ್ದರೆ ಮಾತ್ರ ಆ 25,000 ರೂಪಾಯಿ ವಾಪಸ್. ನನ್ನದು ಅದರ ಹತ್ತಿರವೂ ಸುಳಿಯಲಿಲ್ಲ. ಆದರೂ ಈಗಲೂ ಒಬ್ಬರಲ್ಲ ಒಬ್ಬರು ಹುಡುಗರು ಮನೆಗೆ ಬಂದು, "ಮಾಸ್ತರೇ, ನಾನೂ ನಿಲ್ಬೇಕು ಅಂತ ಇದ್ದೆ, ಎಲ್ಲಿಂದ ಶುರು ಮಾಡ್ಲಿ?" ಅಂತ ಕೇಳುತ್ತಾರೆ. ಸೋತವನನ್ನು ಕೇಳುವುದೇ ವಾಸಿ. ಗೆದ್ದವರು ಸಿಗುವುದಿಲ್ಲ ಅಲ್ವಾ.

ಶಿರಸಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದವನು ನಾನು. 2021ರಲ್ಲಿ ನಿವೃತ್ತಿ. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ ಅಂತ ಊರವರ ಅರ್ಜಿ ಬರೆದುಕೊಡಲು ಶುರು ಮಾಡಿದೆ. ಮೊದಲು ಬಂದದ್ದೆಲ್ಲ ಅರಣ್ಯ ಹಕ್ಕಿನ ಅರ್ಜಿಗಳು, ಅಂದರೆ ತಾವು ಇರುವ ಕಾಡಿನ ಜಾಗದ ಮೇಲೆ ಹಕ್ಕು ಕೊಡಿ ಅಂತ ಕೇಳುವಂಥವು. ನಮ್ಮ ಕಡೆ ಇದು ಮನೆಮನೆಯ ತಲೆನೋವು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದರು ಅಂತ ತೋರಿಸಬೇಕು. 1930ರ ಕಾಗದ ಯಾರ ಹತ್ತಿರ ಇರುತ್ತದೆ ಹೇಳಿ! "ನಮ್ಮ ಜಾಗ ಜಿಪಿಎಸ್ ಆಗಿದೆ ಮಾಸ್ತರೇ" ಅನ್ನುತ್ತಾರೆ, ಜಿಪಿಎಸ್ ಯಂತ್ರದಲ್ಲಿ ಜಾಗದ ಅಳತೆ ಆಗಿದೆ ಅಂತ ಅರ್ಥ. ಜಿಪಿಎಸ್ ಆಗಿರುತ್ತದೆ, ಅರ್ಜಿ ಮಾತ್ರ ತಿರಸ್ಕಾರ ಆಗಿರುತ್ತದೆ. ಹಳೇ ಶಾಲಾ ದಾಖಲಾತಿ, ಊರ ಹಿರಿಯರ ಹೇಳಿಕೆ, ಹಳೆಯ ಬಾವಿಯ ಫೋಟೋ ಎಲ್ಲ ಸೇರಿಸಿ ಮತ್ತೆ ಮತ್ತೆ ಬರೆದೆವು.

ಎರಡನೆಯ ಕೆಲಸ ಮತದಾರರ ಪಟ್ಟಿ. ಇದನ್ನು ಯಾರೂ ದೊಡ್ಡ ಸಮಾಜಸೇವೆ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನಗೆ ಜನರ ಪರಿಚಯ ಆದದ್ದು ಜಾಸ್ತಿ ಇದರಿಂದಲೇ. ಪಕ್ಕದ ಕೇರಿಯ ಒಬ್ಬ ಅಮ್ಮನ ಹೆಸರು ಪಟ್ಟಿಯಿಂದ ಹೋಗಿತ್ತು. ತೀರಿಕೊಂಡು ನಾಲ್ಕು ವರ್ಷವಾದ ಅವರ ಗಂಡನ ಹೆಸರು ಮಾತ್ರ ಗಟ್ಟಿಯಾಗಿ ಕೂತಿತ್ತು. ಯಾರೋ ಹೆಸರು ತೆಗೆಯುವಾಗ ಒಂದು ಸಾಲು ಮೇಲೆ ಕೆಳಗೆ ಮಾಡಿದ್ದರು. "ನಾನು ಸತ್ತೆ, ಇವ್ರು ಬದುಕಿದ್ರು, ಇರ್ಲಿ ಬಿಡಿ" ಅಂತ ಆಕೆ ನಕ್ಕುಬಿಟ್ಟರು. ಫಾರ್ಮ್ 6 ತುಂಬಿ ಅವರ ಹೆಸರು ಸೇರಿಸಿದೆವು, ಫಾರ್ಮ್ 7 ಕೊಟ್ಟು ಯಜಮಾನರ ಹೆಸರು ತೆಗೆಸಿದೆವು. ಬಿಎಲ್‌ಒ, ಅಂದರೆ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವವಳು, ನನ್ನ ಹಳೇ ವಿದ್ಯಾರ್ಥಿನಿ, ಅಂಗನವಾಡಿ ಕಾರ್ಯಕರ್ತೆ. ಅವಳ ಜೊತೆ ಒಂದು ಇಡೀ ಚಳಿಗಾಲ ಮನೆ ಮನೆ ತಿರುಗಿದೆ. ಎರಡು ವರ್ಷದಲ್ಲಿ ಎಂಟೋ ಹತ್ತೋ ಪಂಚಾಯಿತಿ ವ್ಯಾಪ್ತಿಯ ಮನೆಗಳ ಅಂಗಳ ನನಗೆ ಗೊತ್ತಾಯಿತು. ಯಾರ ಮನೆಯ ನಾಯಿ ಕಚ್ಚುತ್ತದೆ ಅನ್ನುವುದೂ ಸೇರಿ.

ಆಗ ನಿಲ್ಲುವ ಯೋಚನೆ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. 2023ರ ಮಳೆಗಾಲದ ಹೊತ್ತಿಗೆ ತಲೆಗೆ ಹೊಕ್ಕಿತ್ತು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ನಾವು ಕೂಗುತ್ತಿರುವುದು ಇವತ್ತಿನ ಮಾತಲ್ಲ. ತಲೆಗೆ ಪೆಟ್ಟಾದರೆ ಮಣಿಪಾಲ, ಹೃದಯಕ್ಕಾದರೆ ಮಂಗಳೂರೋ ಹುಬ್ಬಳ್ಳಿಯೋ, ಕಾರವಾರದವರಾದರೆ ಗೋವಾ. ದಾರಿಯಲ್ಲೇ ಹೋದವರನ್ನು ನೋಡಿದ್ದೇನೆ. ಇದನ್ನೊಂದೇ ಹಿಡಿದು ನಿಲ್ಲೋಣ ಅನ್ನಿಸಿತು.

ನಾನು ಲೆಕ್ಕ ತಪ್ಪಿದ್ದು ಇಲ್ಲೇ. ಎಂಟು ಹತ್ತು ಪಂಚಾಯಿತಿಯನ್ನು ನಾನು ಕ್ಷೇತ್ರ ಅಂದುಕೊಂಡಿದ್ದೆ. ಕ್ಷೇತ್ರ ಅಂದರೆ ಎಂಟು ವಿಧಾನಸಭೆ: ಶಿರಸಿ, ಯಲ್ಲಾಪುರ, ಹಳಿಯಾಳ, ಕಾರವಾರ, ಕುಮಟಾ, ಭಟ್ಕಳ, ಅದರ ಮೇಲೆ ಬೆಳಗಾವಿ ಜಿಲ್ಲೆಯ ಕಿತ್ತೂರು ಮತ್ತು ಖಾನಾಪುರ. ಹದಿನಾರು ಲಕ್ಷಕ್ಕೂ ಜಾಸ್ತಿ ಮತದಾರರು. ಭಟ್ಕಳದ ಮೀನುಗಾರರಿಗೂ ಖಾನಾಪುರದ ಮರಾಠಿ ರೈತರಿಗೂ ನಡುವೆ ಸಮುದ್ರ, ಘಟ್ಟ, ಕಾಡು, ಬಯಲು ಎಲ್ಲ ಬರುತ್ತದೆ. ನನ್ನ ಪರಿಚಯ ಈ ಕಡೆ ಬನವಾಸಿ ರಸ್ತೆ, ಆ ಕಡೆ ಸಿದ್ದಾಪುರ ರಸ್ತೆಗೆ ಮುಗಿಯುತ್ತಿತ್ತು.

ಮಾರ್ಚ್ 16ಕ್ಕೆ ಚುನಾವಣೆ ಘೋಷಣೆಯಾಯಿತು, ನೀತಿ ಸಂಹಿತೆ ಬಂತು. ಅದರ ಬೆನ್ನಿಗೇ ನಮ್ಮ ಶಿರಸಿ ಮಾರಿಕಾಂಬೆಯ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಅದು. ನಾವು ಕೆಲವರು ಹಿಂದಿನ ಜಾತ್ರೆಯಲ್ಲಿ ಮಜ್ಜಿಗೆ ಹಂಚಿದ್ದೆವು. ಈ ಸಲವೂ ಹಂಚೋಣ, ನಿನ್ನ ಹೆಸರಿನ ಒಂದು ಬ್ಯಾನರ್ ಹಾಕೋಣ ಅಂತ ಗೆಳೆಯರು ಹಟ ಹಿಡಿದರು. ಬೇಡ ಅಂದೆ. ನಾಳೆ ನಿಲ್ಲುವವನ ಹೆಸರು ಹಾಕಿ ಮಜ್ಜಿಗೆ ಕೊಟ್ಟರೆ ಅದು ಆಮಿಷ ಆಗುತ್ತದೆ. ಮಜ್ಜಿಗೆ ಹಂಚಿದರು, ಬ್ಯಾನರ್ ಇರಲಿಲ್ಲ, ನಾನು ಆ ಕಡೆ ಹೋಗಲೂ ಇಲ್ಲ. ತೇರಿನ ದಿನ ಲಕ್ಷ ಜನ ಸೇರಿದ ಊರಲ್ಲಿ ಅಭ್ಯರ್ಥಿ ಮನೆಯಲ್ಲಿ ಕೂತು ಮತದಾರರ ಪಟ್ಟಿ ನೋಡುತ್ತಿದ್ದ.

ನಾಮಪತ್ರದ ಕೆಲಸ ಕಷ್ಟವಲ್ಲ, ಆದರೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಬೇಕು. ಮಾನ್ಯತೆ ಪಡೆದ ಪಕ್ಷದವರಿಗೆ ಹೆಸರು ಸೂಚಿಸಿ ಸಹಿ ಹಾಕುವ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಹತ್ತು ಜನ ಬೇಕು. ಹತ್ತೂ ಜನರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಸರಿ ಇರಬೇಕು. ಎರಡು ವರ್ಷ ಪಟ್ಟಿಯ ಜೊತೆ ಗುದ್ದಾಡಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಖರ್ಚಿಗೆ ಬೇರೆಯೇ ಬ್ಯಾಂಕ್ ಖಾತೆ, ಅದೂ ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ತೆರೆದಿರಬೇಕು. ಆಸ್ತಿ, ಸಾಲ, ಕೇಸು ಎಲ್ಲ ಬರೆದ ಪ್ರಮಾಣಪತ್ರದಲ್ಲಿ ಒಂದು ಖಾನೆಯನ್ನೂ ಖಾಲಿ ಬಿಡಬೇಡಿ. ಏನೂ ಇಲ್ಲದಿದ್ದರೆ "ಇಲ್ಲ" ಅಂತಲೇ ಬರೆಯಿರಿ. ನನ್ನ ಹೆಂಡತಿ ತನ್ನ ಬಂಗಾರದ ತೂಕ ಊರಿಗೆಲ್ಲ ಗೊತ್ತಾಗುತ್ತದೆ ಅಂತ ಎರಡು ದಿನ ಮಾತು ಬಿಟ್ಟಿದ್ದಳು. ಆಮೇಲೆ ಅವಳೇ ತೂಕದ ಚೀಟಿ ತಂದುಕೊಟ್ಟಳು.

ಏಪ್ರಿಲ್ 22, ನಾಮಪತ್ರ ಹಿಂತೆಗೆಯುವ ಕೊನೇ ದಿನ. ಅವತ್ತು ಮಧ್ಯಾಹ್ನದ ಮೇಲೇ ನಮಗೆ ಗುರುತು ಸಿಗುವುದು. ದೊಡ್ಡ ಪಕ್ಷದವರ ಗುರುತು ಮಗುವಿಗೂ ಗೊತ್ತು. ನಮ್ಮದು ಏನು ಅಂತ ನಮಗೇ ಗೊತ್ತಿರುವುದಿಲ್ಲ. ನನಗೆ ಹಲಸಿನ ಹಣ್ಣು ಬಂತು. ಖುಷಿಯಾಯಿತು, ಹಲಸಿನ ಕಾಲವೇ ಅಲ್ವಾ. ಆದರೆ ಮೇ 7ಕ್ಕೆ ಮತದಾನ. ಅದು ಮುಗಿಯುವುದಕ್ಕೆ 48 ಗಂಟೆ ಮೊದಲು, ಅಂದರೆ 5ರ ಸಂಜೆ, ಬಹಿರಂಗ ಪ್ರಚಾರ ಬಂದ್. ಕೈಯಲ್ಲಿ ಗುರುತು ಹಿಡಿದು ತಿರುಗಲು ಸಿಕ್ಕಿದ್ದು ಹದಿಮೂರು ದಿನ, ಎಂಟು ವಿಧಾನಸಭೆ. ಭಾಗಿಸಿ ನೋಡಿ.

ಮೊದಲ ದಿನವೇ ಎಡವಟ್ಟು. ಕರಪತ್ರದಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು ಅಂತ ಕಾನೂನು. ಕರಡು ನೋಡಿದವನು ನಾನೇ. ಆಸ್ಪತ್ರೆಯ ಸಾಲು, ಹಲಸಿನ ಚಿತ್ರ ಎಲ್ಲ ನೋಡಿದೆ, ಕೆಳಗಿನ ಆ ಒಂದು ಸಾಲು ಇಲ್ಲ ಅನ್ನುವುದನ್ನು ನೋಡಲಿಲ್ಲ. ಐದು ಸಾವಿರ ಕರಪತ್ರ ಕಟ್ಟು ಬಿಚ್ಚುವ ಮೊದಲೇ ಕಸ. ಪುನಃ ಹೊಡೆಸಲು ಎರಡು ದಿನ. ಆ ಹಳೇ ಕರಪತ್ರದ ಹಿಂಬದಿಯಲ್ಲಿ ಮೊಮ್ಮಗಳು ಇವತ್ತಿಗೂ ಚಿತ್ರ ಬರೆಯುತ್ತಾಳೆ.

ಆ ಎರಡು ದಿನ ಕರಪತ್ರ ಇಲ್ಲದೆ ಸುಮ್ನೆ ಮನೆಗಳಿಗೆ ಹೋದೆ. ಇಡೀ ಪ್ರಚಾರದಲ್ಲಿ ಅದೇ ಒಳ್ಳೆಯ ಎರಡು ದಿನ ಅಂತ ಈಗ ಅನ್ನಿಸುತ್ತದೆ. ಬೆಳಿಗ್ಗೆ ಆರೂವರೆಗೆ ಹಾಲಿನ ಡೈರಿ. ಅಲ್ಲಿ ಭಾಷಣ ಮಾಡಬಾರದು, ಸಾಲಿನಲ್ಲಿ ನಿಲ್ಲಬೇಕು. ಒಂಬತ್ತರ ನಂತರ ತೋಟಕ್ಕೆ ಹೋಗುವವರು ಹೋಗಿರುತ್ತಾರೆ. ಹನ್ನೆರಡರಿಂದ ನಾಲ್ಕರವರೆಗೆ ಯಾರ ಮನೆಯ ಬಾಗಿಲನ್ನೂ ಬಡಿಯಬೇಡಿ. ಮೇ ತಿಂಗಳ ಸೆಕೆಗೆ ಜನ ಅಡ್ಡ ಆಗಿರುತ್ತಾರೆ, ಎಬ್ಬಿಸಿದವನಿಗೆ ವೋಟು ಯಾರು ಹಾಕುತ್ತಾರೆ? ಸಂಜೆ ಐದರ ಮೇಲೆ ಜಗಲಿ ತುಂಬಿರುತ್ತದೆ. "ಆಸ್ರಿಗೆ ಎಂತ ಬೇಕು?" ಅಂತ ಕೇಳಿದರೆ ಬೇಡ ಅನ್ನಬಾರದು. ದಿನಕ್ಕೆ ಇಪ್ಪತ್ತು ಮನೆ ಅಂದರೆ ಇಪ್ಪತ್ತು ಲೋಟ ಪಾನಕ, ಮಜ್ಜಿಗೆ, ಕಷಾಯ. ಅರ್ಧ ಲೋಟ ಕೇಳಿ, ಪೂರ್ತಿ ಕುಡಿಯಿರಿ. ಬಿಟ್ಟು ಎದ್ದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ.

ಜನ ಕೇಳಿದ್ದೆಲ್ಲ ಏನು? ಗಟಾರ, ಬೀದಿ ದೀಪ, ಹಳ್ಳ ದಾಟಲು ಕಾಲುಸಂಕ, ಹಳ್ಳಿಗೆ ಬಸ್ಸು. ಸಂಸದರ ಕೈಯಲ್ಲಿ ಸ್ಥಳೀಯ ಅಭಿವೃದ್ಧಿಗೆ ವರ್ಷಕ್ಕೆ 5 ಕೋಟಿ ಇರುತ್ತದೆ, ಎಂಟು ವಿಧಾನಸಭೆಗೆ ಹಂಚಿದರೆ ಉಳಿಯುವುದೆಷ್ಟು ಅಂತ ಮೊದಮೊದಲು ಬೋರ್ಡಿನ ಮೇಲೆ ಬರೆದ ಹಾಗೆ ವಿವರಿಸುತ್ತಿದ್ದೆ. ನನ್ನ ಜೊತೆ ಬರುತ್ತಿದ್ದ ಹುಡುಗ ಮೂರನೇ ದಿನ ಹೇಳಿದ: "ಸರ್, ನೀವು ಪಾಠ ಮಾಡ್ತಾ ಇದ್ರಿ. ಅವ್ರು ಕೇಳ್ತಾ ಇದ್ದದ್ದು ಕಾಲುಸಂಕ." ಆಮೇಲಿಂದ ಅದು ಯಾರ ಕೆಲಸ, ಅರ್ಜಿ ಎಲ್ಲಿಗೆ ಅಂತ ಚೀಟಿಯಲ್ಲಿ ಬರೆದುಕೊಟ್ಟೆ. ಮಾತು ಕಡಿಮೆಯಾಯಿತು.

ಕ್ರಿಕೆಟ್ ಕಿಟ್ ಕೇಳಿದವರಿದ್ದರು. ದೇವಸ್ಥಾನದ ಹೆಂಚಿಗೆ ಕೇಳಿದವರಿದ್ದರು. ಕೊಡಲಿಲ್ಲ. ಕೊಡುವ ದುಡ್ಡೂ ಇರಲಿಲ್ಲ, ಪುಣ್ಯ. ಲೋಕಸಭೆಗೆ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ 95 ಲಕ್ಷ. ನನ್ನ ಖಾತೆಯಲ್ಲಿ ಇದ್ದದ್ದು ನಿವೃತ್ತಿಯ ಹಣದಲ್ಲಿ ತೆಗೆದಿಟ್ಟ ಒಂದು ಚೂರು. ಆದರೆ ಲೆಕ್ಕದ ಪುಸ್ತಕ 95 ಲಕ್ಷದವರಿಗೂ ನನಗೂ ಒಂದೇ: ದಿನದ ಖರ್ಚಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಪ್ರಚಾರದ ನಡುವೆ ಮೂರು ಸಲ ತೋರಿಸಬೇಕು. ಜೀಪಿನ ಬಾಡಿಗೆ, ಮೈಕಿನ ಬಾಡಿಗೆ, ಚಹಾದ ಲೆಕ್ಕ ಎಲ್ಲ ಅವತ್ತವತ್ತೇ ಬರೆದರೆ ಮಾತ್ರ ಬಚಾವ್. ಇದಕ್ಕೆ ನಮ್ಮ ಸೊಸೈಟಿಯಲ್ಲಿ ಗುಮಾಸ್ತರಾಗಿದ್ದ ಹಿರಿಯರೊಬ್ಬರನ್ನು ಕೂರಿಸಿದೆ. ನನ್ನ ಇಡೀ ಪ್ರಚಾರದಲ್ಲಿ ತಪ್ಪಿಲ್ಲದೆ ನಡೆದ ವಿಭಾಗ ಅದೊಂದೇ.

ದೇವಿಮನೆ ಘಟ್ಟ ಇಳಿದರೆ ನಾನು ಯಾರೂ ಅಲ್ಲ. ಕುಮಟಾದ ಮೀನು ಪೇಟೆಯಲ್ಲಿ ಒಬ್ಬಾಕೆ ಬುಟ್ಟಿಯಿಂದ ತಲೆ ಎತ್ತದೆ, "ಹಲಸು ಘಟ್ಟದ ಮೇಲಿನವ್ರದ್ದಾ? ಇಲ್ಲಿಗೆ ಎಂತಕ್ಕೆ ತಂದ್ರಿ?" ಅಂದರು. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಉತ್ತರ ಇರಲಿಲ್ಲ. ಖಾನಾಪುರದಲ್ಲಿ ಮರಾಠಿ ಕರಪತ್ರ ಹಂಚಿದೆ, ಹಲಸಿಗೆ "ಫಣಸ" ಅಂತ ಒಂದು ಶಬ್ದ ಕಲಿತಿದ್ದೆ, ಅಷ್ಟೇ. ಅವರು ಮರ್ಯಾದೆಯಿಂದ ತೆಗೆದುಕೊಂಡರು, ಮಡಚಿ ಜೇಬಿಗಿಟ್ಟರು. ಕಿತ್ತೂರಿನ ಕಡೆ ಒಬ್ಬ ರೈತರು, "ಸರ, ಐದು ವರ್ಷದಾಗ ಒಮ್ಮೆರ ಬಂದಿದ್ರ್ಯಾ?" ಅಂದರು. ಬಂದಿರಲಿಲ್ಲ. ಈಗ ಕೇಳಿದರೆ ಆ ಐದು ದಿನ, ಆ ಡೀಸೆಲ್ಲು ಶುದ್ಧ ನಷ್ಟ ಅನ್ನುತ್ತೇನೆ. ಅಪರಿಚಿತನ ಕರಪತ್ರಕ್ಕೆ ಯಾರೂ ವೋಟು ಹಾಕುವುದಿಲ್ಲ. ನಾನೂ ಇಷ್ಟು ವರ್ಷದಲ್ಲಿ ಒಮ್ಮೆಯೂ ಹಾಕಿಲ್ಲ.

ಇನ್ನೊಂದನ್ನು ಹೇಳಲೇಬೇಕು. ನಮ್ಮಿಂದ ಸಹಾಯ ಪಡೆದವರೆಲ್ಲ ವೋಟು ಹಾಕುತ್ತಾರೆ ಅಂದುಕೊಂಡರೆ ಕೆಟ್ಟಿರಿ. ಅರಣ್ಯ ಹಕ್ಕಿಗೆ ಮೂರು ಸಲ ಅರ್ಜಿ ಬರೆಸಿಕೊಂಡ ಒಬ್ಬರು ಅಂಗಳದಲ್ಲೇ ನಿಲ್ಲಿಸಿ ಹೇಳಿದರು: "ಮಾಸ್ತರೇ, ನಿಮ್ಮ ಹತ್ರ ಸುಳ್ಳು ಹೇಳೂದಿಲ್ಲ. ವೋಟು ನಮ್ಮ ಪಕ್ಷಕ್ಕೇ." ಆ ರಾತ್ರಿ ಬೇಜಾರಾಗಿತ್ತು. ಬೆಳಿಗ್ಗೆ ಅವರೇ ತಮ್ಮ ಬೈಕಿನಲ್ಲಿ ನನ್ನನ್ನು ಪಕ್ಕದ ಊರಿಗೆ ಬಿಟ್ಟುಬಂದರು. ಪೆಟ್ರೋಲಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ನಮ್ಮ ಗುಮಾಸ್ತರು ಅದನ್ನೂ ಲೆಕ್ಕದಲ್ಲಿ ಬರೆದರು.

ಮತದಾನದ ದಿನ ನನಗೆ ಏಜೆಂಟರು ಇದ್ದದ್ದು ಬೆರಳೆಣಿಕೆಯ ಬೂತ್‌ಗಳಲ್ಲಿ. ಎಲ್ಲರೂ ಹಳೇ ವಿದ್ಯಾರ್ಥಿಗಳು. ಬೆಳಿಗ್ಗೆ ಐದೂವರೆಗೆ ಯಂತ್ರ ಸರಿ ಇದೆಯಾ ಅಂತ ನೋಡುವ ಅಣಕು ಮತದಾನ, ಅದಕ್ಕೆ ಇರಲೇಬೇಕು ಅಂತ ನಾಲ್ಕೂವರೆಗೆ ಎಲ್ಲರಿಗೂ ಫೋನ್ ಮಾಡಿ ಎಬ್ಬಿಸಿದೆ. ನನ್ನ ವೋಟು ಹಾಕಲು ಯಂತ್ರದ ಎದುರು ನಿಂತಾಗ ನನ್ನ ಗುರುತು ಹುಡುಕಬೇಕಾಯಿತು. ಪಕ್ಷದವರೆಲ್ಲ ಮೇಲೆ, ಪಕ್ಷೇತರರು ಕೆಳಗೆ. ಅಷ್ಟು ಚಿಕ್ಕ ಕಪ್ಪು ಬಿಳುಪು ಚಿತ್ರದಲ್ಲಿ ಹಲಸು ಹಲಸಿನ ಹಾಗೆ ಕಾಣುತ್ತಿರಲಿಲ್ಲ, ಮುಳ್ಳುಹಂದಿ ಮಲಗಿದ ಹಾಗಿತ್ತು.

ಜೂನ್ 4ರ ಎಣಿಕೆಯಾದ ಮೇಲೆ ಬೂತ್‌ವಾರು ಪಟ್ಟಿ ಬರುತ್ತದೆ, ಫಾರ್ಮ್ 20 ಅಂತ. ಸೋತವರು ಅದನ್ನು ನೋಡುವುದಿಲ್ಲ. ನಾನು ಕೆಂಪು ಪೆನ್ನು ಹಿಡಿದು ಕೂತೆ. ಕಿತ್ತೂರು, ಭಟ್ಕಳದ ಪುಟಗಳಲ್ಲಿ ಸೊನ್ನೆ, ಒಂದು, ಎರಡು. ನಮ್ಮ ಕಡೆ ಬಂದಾಗ, ಬಿಎಲ್‌ಒ ಜೊತೆ ತಿರುಗಿದ ಬೂತ್‌ಗಳಲ್ಲಿ ಮಾತ್ರ ಮತ ಎರಡಂಕಿ, ಮೂರಂಕಿಗೆ ಏರುತ್ತಿತ್ತು. ಕರಪತ್ರ ಹಂಚಿದ ಊರು, ಅಂಗಳ ತಿರುಗಿದ ಊರು ಯಾವುದು ಅಂತ ಆ ಪಟ್ಟಿ ನೋಡಿ ಯಾರು ಬೇಕಾದರೂ ಹೇಳಬಹುದಿತ್ತು. ಸತ್ತವರ ಪಟ್ಟಿ ಸೇರಿದ್ದ ಅಮ್ಮನ ಬೂತ್‌ನಲ್ಲಿ ನಾನು ಎರಡನೇ ಸ್ಥಾನ.

ಫಲಿತಾಂಶದಿಂದ 30 ದಿನದೊಳಗೆ ಖರ್ಚಿನ ಲೆಕ್ಕ ಸಲ್ಲಿಸಬೇಕು, ಸೋತರೂ. ಇಲ್ಲದಿದ್ದರೆ ಮೂರು ವರ್ಷ ಅನರ್ಹ. ಜೂನ್ ಕೊನೇ ವಾರ ಜೋರು ಮಳೆಯಲ್ಲಿ ಮೂರು ಬಣ್ಣದ ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಕಾರವಾರದ ಬಸ್ಸು ಹತ್ತಿದೆ. ದಾರಿಯಲ್ಲಿ ಫೋನ್ ಬಂತು, ಅದೇ ಅಮ್ಮ. ಮೊಮ್ಮಗನಿಗೆ ಜುಲೈ 1ಕ್ಕೆ 18 ತುಂಬುತ್ತದಂತೆ.

"ಆ ಫಾರ್ಮು ಇನ್ನೂ ಇದೆಯಾ ಮಾಸ್ತರೇ, ನನ್ನ ಬದುಕಿಸಿದ್ದು?"

ಚೀಲದಲ್ಲೇ ಎರಡು ಇತ್ತು.