ಹಾಡಿಸದೆ ಕೇಳಿಸುವ ಕ್ಲಾಸ್: ನನ್ನ ಅನುಭವ

ಹಳೇ ಸಿನಿಮಾ ಹಾಡುಗಳನ್ನು ಕೂತು ಕೇಳಿಸುವ ಕ್ಲಾಸ್ ಮಾಡುತ್ತೇನೆ ಅಂದಾಗ, "ಹಾಡು ಕೇಳೋಕೆ ಯಾರ್ರೀ ದುಡ್ಡು ಕೊಡ್ತಾರೆ? ಯೂಟ್ಯೂಬಲ್ಲಿ ಪುಕ್ಕಟೆ ಸಿಗುತ್ತಲ್ಲ" ಅಂತ ನನಗೆ ಹೇಳದವರೇ ಇಲ್ಲ. ಬೆಂಗಳೂರಿನ ಬಸವನಗುಡಿ ಸುತ್ತಮುತ್ತ ಸಂಗೀತ ಪಾಠ ಮಾಡುವ ಗೆಳೆಯರು, ಕರೋಕೆ ಗುಂಪು ನಡೆಸುವವರು, ಮನೆಯವರು, ಎಲ್ಲರೂ ಹೇಳಿದರು. ಈಗ ಶನಿವಾರ ಸಂಜೆಯ ಬ್ಯಾಚ್ ತುಂಬಿದೆ. ಭಾನುವಾರ ಬೆಳಗ್ಗೆ ಇನ್ನೊಂದು ಶುರುವಾಗಿದೆ, ಅದಕ್ಕೂ ಹೆಸರು ಬರೆಸಿ ಕಾಯುತ್ತಿರುವವರು ಇದ್ದಾರೆ. ಹೇಗೆ ಮಾಡಿದ್ರಿ ಅಂತ ಫೋನ್ ಮಾಡುವವರು ಜಾಸ್ತಿ ಆಗಿದ್ದಾರೆ, ಹಾಗಾಗಿ ಬರೆದೇಬಿಡುತ್ತೇನೆ. ಇದೇ ಕೆಲಸದಲ್ಲಿ ಇರುವವರಿಗೆ ಬರೆಯುತ್ತಿರುವುದರಿಂದ ಪಲ್ಲವಿ ಅಂದರೇನು, ಚರಣ ಅಂದರೇನು ಅಂತ ವಿವರಿಸುವುದಿಲ್ಲ.

ಬರುವವರೆಲ್ಲ ಹೆಚ್ಚುಕಡಿಮೆ 50 ದಾಟಿದವರು. ಬ್ಯಾಂಕಿನಿಂದ ನಿವೃತ್ತರಾದವರು, ಹೈಸ್ಕೂಲ್ ಮೇಷ್ಟ್ರು, ಮಕ್ಕಳು ಹೊರದೇಶದಲ್ಲಿರುವ ದಂಪತಿ, ಆಟೊ ಓಡಿಸುವ ಒಬ್ಬರು. ಇವರಿಗೆ ಹಳೇ ಹಾಡುಗಳೆಲ್ಲ ಬಾಯಿಪಾಠ. ಆದರೆ ಕೇಳಿದ್ದೆಲ್ಲ ಒಗ್ಗರಣೆ ಹಾಕುತ್ತಾ, ಬಸ್ಸಿನಲ್ಲಿ ನಿಂತುಕೊಂಡು, ಪಕ್ಕದ ಮನೆ ರೇಡಿಯೊದಲ್ಲಿ. ಒಂದು ಹಾಡಿನ ಮುಂದೆ ಸುಮ್ನೆ ಕೂತು ಕೇಳಿದವರು ತೀರಾ ಕಡಿಮೆ. ನನ್ನ ಕ್ಲಾಸ್ ನಿಂತಿರುವುದೇ ಇದರ ಮೇಲೆ.

ಮೊದಲು ಸ್ಲೈಡ್ ಹಾಕಿ ಚರಿತ್ರೆ ಹೇಳಿದೆ. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್ ಥರದ ಸಂಗೀತ ನಿರ್ದೇಶಕರು, ಯಾವ ವರ್ಷ ಯಾವ ಸಿನಿಮಾ. ಮೂರನೇ ವಾರಕ್ಕೆ ಅರ್ಧ ಕುರ್ಚಿ ಖಾಲಿ. ಆಮೇಲೆ ರಾಗ ಗುರುತಿಸುವ ಪಾಠ. ಶಾಸ್ತ್ರೀಯ ಕಲಿತ ನಾಲ್ಕು ಜನ ಕೈ ಎತ್ತಿ ಮೋಹನ, ಕಲ್ಯಾಣಿ ಅಂದರು, ಉಳಿದವರು ಮುದುಡಿ ಕೂತರು. ಜನ ಬರಲಿ ಅಂತ ಮೈಕ್ ಇಟ್ಟು ಕರೋಕೆ ಮಾಡಿದಾಗ ಹಾಲ್ ತುಂಬಿತು ನಿಜ, ಆದರೆ ಒಬ್ಬರು ಹಾಡುವಾಗ ಉಳಿದವರೆಲ್ಲ ಮೊಬೈಲ್‌ನಲ್ಲಿ ತಮ್ಮ ಹಾಡಿನ ಸಾಹಿತ್ಯ ಹುಡುಕುತ್ತಿದ್ದರು. ಕೇಳುವವರೇ ಇಲ್ಲದ ಸಂಗೀತದ ಕ್ಲಾಸ್ ಅದು. ಕೊರೋನಾ ಸಮಯದಲ್ಲಿ ಜೂಮ್‌ನಲ್ಲೂ ಪ್ರಯತ್ನಪಟ್ಟೆ. ಅದು ಮಾತಿಗೆ ಮಾಡಿದ್ದು, ತಂಬೂರಿ ಶ್ರುತಿಯನ್ನು ಫ್ಯಾನಿನ ಸದ್ದು ಅಂದುಕೊಂಡು ಒರೆಸಿಹಾಕುತ್ತೆ. ಅದರಲ್ಲೇ ಇರುವ 'ಒರಿಜಿನಲ್ ಸೌಂಡ್' ಸೆಟ್ಟಿಂಗ್ ಆನ್ ಮಾಡಿದರೆ ಸರಿಹೋಗುತ್ತೆ, ಆದರೆ ಎಲ್ಲರೂ ಒಟ್ಟಿಗೆ ತಾಳ ಹಾಕೋದು ಆಗದ ಮಾತು, ಒಬ್ಬೊಬ್ಬರ ಚಪ್ಪಾಳೆ ಒಂದೊಂದು ಹೊತ್ತಿಗೆ ಬರುತ್ತೆ.

ಕೊನೆಗೆ ಮೈಕ್ ತೆಗೆದುಹಾಕಿದೆ, ಸ್ಲೈಡ್ ತೆಗೆದುಹಾಕಿದೆ. ಎರಡು ಗಂಟೆಯ ಕ್ಲಾಸಿಗೆ ಒಂದೇ ಹಾಡು. ಅದೇ ಹಾಡನ್ನು ಆರೇಳು ಸಲ ಹಾಕುತ್ತೇನೆ, ಪ್ರತಿ ಸಲ ಒಂದೇ ಕೆಲಸ. ಒಮ್ಮೆ ತಬಲಾ, ಢೋಲಕ್ ಮಾತ್ರ ಕೇಳಬೇಕು. ಒಮ್ಮೆ ನಡುವಿನ ಬಿಜಿಎಂ, ಅಂದರೆ ಬರೀ ವಾದ್ಯ ನುಡಿಯುವ ಭಾಗ ಮಾತ್ರ: ಕೊಳಲು ಎಲ್ಲಿ ಬಂತು, ವಯಲಿನ್ ಗುಂಪು ಎಲ್ಲಿ ನಿಂತಿತು ಅಂತ ಒಂದು ಹಾಳೆಯಲ್ಲಿ ಚೌಕ ಹಾಕಿ ಗುರುತು ಮಾಡಬೇಕು. ಒಮ್ಮೆ ಗಾಯಕರು ಉಸಿರು ತೆಗೆದುಕೊಳ್ಳುವ ಜಾಗ ಮಾತ್ರ. ಸಾಹಿತ್ಯ ಬರೋದು ಕೊನೆಯ ಹತ್ತಿರ. ನಮ್ಮ ಜನ ಮೊದಲು ಮಾತಿಗೆ ಹೋಗಿಬಿಡುತ್ತಾರೆ, ಅಲ್ವಾ? ಮಾತು ಹಿಡಿದರೆ ಬೇರೆ ಯಾವುದೂ ಕಿವಿಗೆ ಬೀಳುವುದಿಲ್ಲ. ಮೊಟ್ಟಮೊದಲ ಸಲ ಹಾಡು ಹಾಕುವ ಮುಂಚೆ ಹತ್ತು ನಿಮಿಷ ಒಂದು ಕೆಲಸ ಮಾಡಿಸುತ್ತೇನೆ, ಅದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಹತ್ತಿರವೇ ಇರಲಿ.

ಕ್ಲಾಸ್ ಕಚ್ಚಿಕೊಂಡಿದ್ದು 'ಎಂದೆಂದೂ ನಿನ್ನನು ಮರೆತು' ಹಾಕಿದ ದಿನ. 1974ರ 'ಎರಡು ಕನಸು', ರಾಜನ್-ನಾಗೇಂದ್ರ ಸಂಗೀತ, ಪಿ.ಬಿ. ಶ್ರೀನಿವಾಸ್ ಮತ್ತು ವಾಣಿ ಜಯರಾಂ. ರಾಜನ್-ನಾಗೇಂದ್ರ ಅವರೇ ಮರುವರ್ಷ ಇದೇ ಮಟ್ಟನ್ನು, ಅಂದರೆ ಟ್ಯೂನನ್ನು, ತೆಲುಗಿನ 'ಪೂಜ'ದಲ್ಲಿ ಬಳಸಿದರು. ಅಲ್ಲೂ ವಾಣಿ ಜಯರಾಂ, ಜೊತೆಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಪಾಠ ಮಾಡುವವರಿಗೆ ಇದಕ್ಕಿಂತ ಬೇರೆ ಏನು ಬೇಕು ಹೇಳಿ. ಮಟ್ಟು ಒಂದೇ, ಸಂಗೀತ ನಿರ್ದೇಶಕರು ಅವರೇ, ಗಾಯಕಿ ಅವರೇ. ಬದಲಾಗಿದ್ದು ಭಾಷೆ ಮತ್ತು ಗಂಡು ದನಿ. ಎರಡನ್ನೂ ಸಾಲು ಸಾಲಾಗಿ ನಿಲ್ಲಿಸಿ ಹಾಕಿದೆ. ಆಂಧ್ರದ ಹಿಂದೂಪುರದ ಕಡೆಯಿಂದ ಬಂದು ಇಲ್ಲೇ ನೆಲೆಸಿದ ಒಬ್ಬರು ಆಂಟಿ, "ಸರ್, ತೆಲುಗಿಂದೇ ಒರಿಜಿನಲ್, ಇವರು ಕಾಪಿ ಮಾಡಿದ್ದು" ಅಂತ ಎದ್ದು ನಿಂತರು. ವರ್ಷ ಹೇಳಿದ ಮೇಲೂ ಒಪ್ಪಲಿಲ್ಲ. ವಾದ ಮುಗಿದಿದ್ದು ನಾಲ್ಕನೇ ಸಲ ಕೇಳಿದಾಗ, ಅವರೇ ಮುಗಿಸಿದರು. "ಪಿಬಿಎಸ್ ನಮ್ಮ ಪಕ್ಕದಲ್ಲೇ ಕೂತು ಹೇಳ್ತಾ ಇದಾರೆ ಸರ್, ಬಾಲು ಎದುರಿಗೆ ನಿಂತು ನಗ್ತಾ ಹೇಳ್ತಾ ಇದಾರೆ" ಅಂದರು. ನಾನು ಮೂರು ವಾರ ಸ್ಲೈಡ್ ಹಾಕಿ ಹೇಳಿದ್ದರೂ ಯಾರ ಬಾಯಲ್ಲೂ ಇಂಥ ಮಾತು ಬರುತ್ತಿರಲಿಲ್ಲ. ಮೈಕಿಗೆ ಹತ್ತಿರ ನಿಂತು ಮೆಲ್ಲಗೆ ಹಾಡುವುದು ಅಂದರೇನು ಅಂತ ಆಮೇಲೆ ಎರಡು ನಿಮಿಷದಲ್ಲಿ ಎಲ್ಲರಿಗೂ ಅರ್ಥವಾಯಿತು.

ತಾಳಕ್ಕೂ ನಮ್ಮದೇ ದಾರಿ ಸಿಕ್ಕಿತು. ಏಳರ ನಡೆ, ಅಂದರೆ ಏಳೇಳಾಗಿ ಎಣಿಸುವ ತಾಳ ಅಂದರೆ ಜನ ಹೆದರುತ್ತಾರೆ. ನಾನು ತಾಳದ ಹೆಸರೇ ಎತ್ತುವುದಿಲ್ಲ. ಕುಮಾರವ್ಯಾಸನ "ಶ್ರೀವನಿತೆಯರಸನೆ" ಹೇಳಿ ಅನ್ನುತ್ತೇನೆ. ಸ್ಕೂಲಲ್ಲಿ ಕಲಿತದ್ದು, ಎಲ್ಲರಿಗೂ ಬರುತ್ತೆ. ಭಾಮಿನಿ ಷಟ್ಪದಿ ಅಂದರೆ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆ. ತೊಡೆ ಮೇಲೆ ತಟ್ಟುತ್ತಾ ಹೇಳಿಸಿ, ನಿಲ್ಲಿಸದೆ ಹಾಗೇ ಕುವೆಂಪು ಅವರ "ದೋಣಿ ಸಾಗಲಿ ಮುಂದೆ ಹೋಗಲಿ"ಗೆ ದಾಟಿಸುತ್ತೇನೆ. ದೋಣಿ ಮೂರು, ಸಾಗಲಿ ನಾಲ್ಕು, ಮುಂದೆ ಮೂರು, ಹೋಗಲಿ ನಾಲ್ಕು. ಕೈ ತಪ್ಪುವುದೇ ಇಲ್ಲ! ಅರವತ್ತು ವರ್ಷದಿಂದ ಏಳನ್ನು ಎಣಿಸುತ್ತಿದ್ದೀರಿ ಅಂದಾಗ ಅವರ ಮುಖ ನೋಡಬೇಕು. ಇದು ಪೂರ್ತಿ ನಾನೇ ಕಂಡುಕೊಂಡಿದ್ದು, ಹೇಳಿಕೊಳ್ಳೋಕೆ ಹೆಮ್ಮೆ ಇದೆ.

ನಡುವೆ ಒಂದು ತಮಾಷೆಯ ಶೋಧನೆ. ಒಬ್ಬರು ಪ್ರತಿ ವಾರ ಸಣ್ಣ ಕೀಬೋರ್ಡ್ ತರುತ್ತಿದ್ದರು. ಒಂದು ಹಾಡು ಯಾವ ಕೀಗೂ ಕೂರುತ್ತಿಲ್ಲ, ಎರಡು ಕೀಗಳ ಮಧ್ಯೆ ನಿಲ್ಲುತ್ತೆ ಅಂತ ಹಟ ಹಿಡಿದರು. ಮನೆಗೆ ಹೋಗಿ ಅದೇ ಹಾಡಿನ ಗ್ರಾಮಫೋನ್ ಪ್ಲೇಟಿನಿಂದ ತೆಗೆದ ಪ್ರತಿ ಹುಡುಕಿ ಪಕ್ಕದಲ್ಲಿಟ್ಟು ಆಡಾಸಿಟಿ ಅನ್ನುವ ಆಡಿಯೊ ಸಾಫ್ಟ್‌ವೇರ್‌ನಲ್ಲಿ ನೋಡಿದೆ. ನಾನು ಹಾಕಿದ್ದು ಸಿನಿಮಾದ ವಿಡಿಯೊದಿಂದ ಬಂದದ್ದು. ಸಿನಿಮಾ ಸೆಕೆಂಡಿಗೆ 24 ಫ್ರೇಮ್, ನಮ್ಮ ಹಳೇ ಟೀವಿ ಪದ್ಧತಿ 25. ಟೀವಿಗೆ ಇಳಿಸುವಾಗ ಸುಮ್ನೆ 25ರಲ್ಲಿ ಓಡಿಸಿಬಿಡುತ್ತಿದ್ದರು. ಹಾಗಾಗಿ ಶೇಕಡಾ 4ರಷ್ಟು ವೇಗ ಜಾಸ್ತಿ, ನಾಲ್ಕು ನಿಮಿಷದ ಹಾಡು ಹತ್ತು ಸೆಕೆಂಡ್ ಬೇಗ ಮುಗಿಯುತ್ತೆ, ಶ್ರುತಿ ಒಂದು ಕೀಗೆ ಸ್ವಲ್ಪ ಕಡಿಮೆಯಷ್ಟು ಏರುತ್ತೆ. ಅಂದಿನಿಂದ ಯಾವ ಪ್ರತಿಯನ್ನೂ ಪರೀಕ್ಷಿಸದೆ ಕ್ಲಾಸಿಗೆ ತರುವುದಿಲ್ಲ. ಎರಡು ಪ್ರತಿ ಹಾಕಿ ಯಾವುದು ಅವಸರದಲ್ಲಿದೆ ಅಂತ ಕೇಳುವುದೇ ಈಗ ಒಂದು ಪಾಠ.

ಸ್ಪೀಕರ್ ವಿಷಯಕ್ಕೆ ಬರೋಣ, ಇದರಲ್ಲಿ ಸುಮಾರು ಜನ ದುಡ್ಡು ಕಳೆಯುತ್ತಾರೆ. ಡಬ್ ಡಬ್ ಅನ್ನುವ ಬ್ಲೂಟೂತ್ ಸ್ಪೀಕರ್ ನಮ್ಮ ವಯಸ್ಸಿನವರಿಗೆ ಬೇಡವೇ ಬೇಡ. ವಯಸ್ಸಾದಂತೆ ಮೊದಲು ಹೋಗುವುದು ಮೇಲಿನ ಸ್ವರಗಳು, ಬೇಸ್ ಜೋರಾದರೆ ಮಾತು ಮುಚ್ಚಿಹೋಗುತ್ತೆ. ಎಸ್‌.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸುತ್ತಾಡಿ ಹಳೇ ಸ್ಪೀಕರ್ ಒಂದು ಜೊತೆ, ಸಣ್ಣ ಆಂಪ್ಲಿಫೈಯರ್, ವೈರ್ ಎಲ್ಲ ಸೇರಿ 14 ಸಾವಿರದ ಹತ್ತಿರ ಆಯಿತು. ಕುರ್ಚಿ ಸಾಲಾಗಿ ಹಾಕಬೇಡಿ, ಅರ್ಧ ಚಂದ್ರದ ಹಾಗೆ ಹಾಕಿ. ಹಿಯರಿಂಗ್ ಏಡ್ ಹಾಕಿದವರು ಬಂದೇ ಬರುತ್ತಾರೆ. ಅದು ಮಾತಿಗೆ ಹೊಂದಿಸಿರುವ ಯಂತ್ರ, ಕೊಳಲು ಬಂದರೆ ಕುಯ್ಯಿ ಅನ್ನುತ್ತೆ ಅಂತ ಒಬ್ಬರು ಬರುವುದನ್ನೇ ಬಿಟ್ಟಿದ್ದರು. ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಸಿಕೊಳ್ಳಬಹುದು, ಕಿವಿ ಪರೀಕ್ಷೆ ಮಾಡುವ ಆಡಿಯಾಲಜಿಸ್ಟ್ ಹತ್ತಿರ ಕೇಳಿ ಅಂದೆ. ಹಾಕಿಸಿಕೊಂಡರು. ಈಗ ಎಲ್ಲರಿಗಿಂತ ಮೊದಲು ಬಂದು ಮಧ್ಯದ ಕುರ್ಚಿ ಹಿಡಿಯುತ್ತಾರೆ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಪುಕ್ಕಟೆ ಇದ್ದಾಗ ಮೊದಲ ವಾರ 30 ಜನ, ಒಂದು ತಿಂಗಳಲ್ಲಿ ಆರೇಳು. ಬಾಗಿಲಲ್ಲಿ 200 ರೂಪಾಯಿ ತೆಗೆದುಕೊಂಡಾಗ ಮಳೆ ಬಂದರೆ ಮುಗೀತು, ಹಾಲ್ ಬಾಡಿಗೆ ಕೈಯಿಂದ. ಮೊದಲಿದ್ದ ಹಾಲ್‌ನವರು ಮದುವೆ ಬುಕಿಂಗ್ ಬಂತು ಅಂತ ಹಿಂದಿನ ರಾತ್ರಿ ಫೋನ್ ಮಾಡಿ ಕ್ಯಾನ್ಸಲ್ ಮಾಡುತ್ತಿದ್ದರು, ಮುಂಗಡ ವಾಪಸ್ ಬರಲೇ ಇಲ್ಲ. ಈಗ ಎಂಟು ವಾರಕ್ಕೆ 2,400, ಮುಂಚೆಯೇ ಕಟ್ಟಬೇಕು, 20 ಜನಕ್ಕಿಂತ ಜಾಸ್ತಿ ಸೇರಿಸುವುದಿಲ್ಲ. ಹಾಲ್ ಬಾಡಿಗೆಗೆ 9 ಸಾವಿರ, ಕಾಫಿಗೆ 4 ಸಾವಿರ, ಜೆರಾಕ್ಸ್ ಚಿಲ್ಲರೆ ಕಳೆದರೆ 34, 35 ಸಾವಿರ ಉಳಿಯುತ್ತೆ. ಕಾಫಿ ನಿಲ್ಲಿಸಬೇಡಿ. ಹೊಸಬರು ಬಾಯಿ ಬಿಡೋದೇ ಆಗ.

ಜೆ.ಪಿ. ನಗರದ ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್ ಮ್ಯೂಸಿಯಂಗೂ ಒಂದು ಬ್ಯಾಚ್ ಕರೆದುಕೊಂಡು ಹೋಗಿದ್ದೆ. ಒಳಗಿನ ಗ್ಯಾಲರಿಗಿಂತ ಹೊರಗಿನ ಸೌಂಡ್ ಗಾರ್ಡನ್‌ನಲ್ಲೇ ಜಾಸ್ತಿ ಹೊತ್ತು ಕಳೆದರು, ಕಲ್ಲು ತಟ್ಟಿ ಶ್ರುತಿ ಹುಡುಕುತ್ತಾ.

70 ವರ್ಷದವರಿಗೆ ಪಿಬಿಎಸ್ ಬೇಕು, 50 ವರ್ಷದವರಿಗೆ 1987ರ 'ಪ್ರೇಮಲೋಕ' ಬೇಕು. ಅದರ ಸಂಗೀತ ನಿರ್ದೇಶಕ ಹಂಸಲೇಖ ಅವರ ಹಾಡು ಹಾಕಿದಾಗ ಹಿರಿಯರು "ಗಲಾಟೆ" ಅಂದರು. ಈಗ ದನಿ ಮತ್ತು ವಾದ್ಯ ಬೇರೆ ಮಾಡುವ ಸಾಫ್ಟ್‌ವೇರ್ ಇದೆಯಲ್ಲ, ಅದರಲ್ಲಿ ದನಿ ತೆಗೆದು ಬರೀ ವಾದ್ಯ ಕೇಳಿಸಿದೆ. ಅದೇ ಹಿರಿಯರು ಇನ್ನೊಂದು ಸಲ ಹಾಕಿ ಅಂದರು. ಮುಂದಿನದು ಇಳಯರಾಜ ಸಂಗೀತದ 1981ರ 'ಗೀತಾ'. ಇಳಯರಾಜ ನಮ್ಮ ಜಿ.ಕೆ. ವೆಂಕಟೇಶ್ ಹತ್ತಿರ ಸಹಾಯಕರಾಗಿದ್ದವರು, ಗುರುವಿನ ಒಂದು ಹಾಡು ಶಿಷ್ಯನ ಒಂದು ಹಾಡು ಇಟ್ಟು ಬರೀ ಗಿಟಾರ್ ಕೇಳಿಸಬೇಕು ಅಂತಿದ್ದೇನೆ. ಯಾವ ಹಾಡು ಅಂತ ಆರಿಸಿ ಆಗಿದೆ, ದಸರಾ ಮುಗಿದ ಮೇಲೆ ಬರುವ ಬ್ಯಾಚಿಗೆ ಮೊದಲು ಹಾಕುತ್ತೇನೆ. ಹಾಲ್ ಬಾಡಿಗೆ ಏರಿರುವುದರಿಂದ ಫೀಸು ಮಾತ್ರ 2,800 ಆಗಬಹುದು.