‘ತನ್ನ’, ‘ನನ್ನ’ ಮತ್ತು ಪೌಲ: ನಮ್ಮ ಅಧ್ಯಯನ ಕೂಟದ ಅನುಭವ

ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯನ್ನು ಕಲಿಯುವ ಮೊದಲು ಮೂರು ವಾರ ಅದನ್ನು ತೆರೆಯಲೇಬಾರದು, ಅವನು ಉಲ್ಲೇಖಿಸುವ ಹಳೆಯ ಒಡಂಬಡಿಕೆಯ ವಚನದ ಜೊತೆಗಷ್ಟೇ ಇರಬೇಕು ಎಂದು ನಾನು ಹೇಳಿದಾಗ ಕೂಟದ ಹಿರಿಯರು ಒಪ್ಪಲಿಲ್ಲ. ಜನ ಬರುವುದನ್ನೇ ಬಿಡುತ್ತಾರೆ ಎಂದರು. ಆದರೆ ಸುಮಾರು 14 ಮಂದಿಯಲ್ಲಿ 12 ಮಂದಿ ಕೊನೆಯವರೆಗೂ ಬಂದರು.

ಹಿಂದಿನ ಎರಡು ಪ್ರಯತ್ನಗಳು ವಿಫಲವಾಗಿದ್ದವು. ‘ನೀತಿವಂತನು ನಂಬಿಕೆಯಿಂದಲೇ ಬದುಕುವನು’ ಎಂದು ಪೌಲನು ಉಲ್ಲೇಖಿಸುವ ರೋಮಾಪುರದವರಿಗೆ 1:17ನ್ನು ಓದಿ, ಆ ಮಾತಿನ ಮೂಲವಾದ ಪ್ರವಾದಿ ಹಬಕ್ಕೂಕನ ಗ್ರಂಥದ 2:4ಕ್ಕೆ ಹಿಂದಿರುಗಿದಾಗ, ಎಲ್ಲರೂ ಪೌಲನ ಅರ್ಥವನ್ನೇ ಹೊತ್ತೊಯ್ದು ಪ್ರವಾದಿಯ ಬಾಯಲ್ಲಿಟ್ಟರು. ಮರುವರ್ಷ ಸುಮಾರು 2,500 ರೂಪಾಯಿ ಕೊಟ್ಟು ಫ್ಲೆಕ್ಸ್ ಮಾಡಿಸಿದೆ: ಎಡಕ್ಕೆ ಭವಿಷ್ಯವಾಣಿ, ಬಲಕ್ಕೆ ನೆರವೇರಿಕೆ. ಯೆಹೂದ್ಯರ ಗ್ರಂಥಕ್ಕೆ ಸ್ವಂತ ಮಾತೇ ಇಲ್ಲವೆಂಬ ಭಾವನೆಯನ್ನು ಅದು ಬೆಳೆಸಿತು. ಹಣ ಹೋದದ್ದಕ್ಕಿಂತ, ಆ ತಪ್ಪನ್ನು ನಾನೇ ಕಲಿಸಿದೆನೆಂಬುದು ನನ್ನನ್ನು ಹೆಚ್ಚು ನೋಯಿಸಿತು.

ಈ ಸಲ ಜೆರಾಕ್ಸ್ ಚೀಟಿಗಳಿಗೆ 300 ರೂಪಾಯಿ ದಾಟಲಿಲ್ಲ. ಮೊದಲ ವಾರ ‘ಎಮೂನಾ’ ಎಂಬ ಹೀಬ್ರೂ ಪದವೊಂದೇ. ವಿಮೋಚನಕಾಂಡ 17:12ರಲ್ಲಿ ಸೂರ್ಯ ಮುಳುಗುವವರೆಗೆ ಮೋಶೆಯ ಕೈಗಳು ಕದಲದೆ ನಿಂತದ್ದನ್ನು ಹೇಳುವುದೂ ಇದೇ ಪದವಾದ್ದರಿಂದ, ನಮ್ಮ ‘ನಂಬಿಕೆ’ಯಲ್ಲಿ ಸುಲಭವಾಗಿ ಕೇಳಿಸದ ದೃಢತೆ ಮತ್ತು ನಿಷ್ಠೆ ಎಲ್ಲರಿಗೂ ಕೇಳಿಸಿತು. ಎರಡನೆಯ ವಾರ ಸರ್ವನಾಮ: ಹಬಕ್ಕೂಕನ ಹೀಬ್ರೂ ಪಾಠದಲ್ಲಿ ನೀತಿವಂತನು ‘ತನ್ನ’ ನಿಷ್ಠೆಯಿಂದ ಬದುಕುತ್ತಾನೆ, ಅದರ ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುವಾಜಿಂಟ್‌ನಲ್ಲಿ ದೇವರು ‘ನನ್ನ’ ನಿಷ್ಠೆ ಎನ್ನುತ್ತಾನೆ. ಮೂರನೆಯ ವಾರ ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ 1947ರಲ್ಲಿ ಸಿಕ್ಕ, ಯೆಹೂದ್ಯ ಪಂಗಡವೊಂದು ಹಬಕ್ಕೂಕನ ಗ್ರಂಥಕ್ಕೆ ಬರೆದ ಪ್ರಾಚೀನ ವ್ಯಾಖ್ಯಾನ. ಧರ್ಮಶಾಸ್ತ್ರವನ್ನು ಆಚರಿಸುತ್ತ, ಆ ಪಂಗಡದ ಗುರುವಾದ ‘ನೀತಿಬೋಧಕ’ನಲ್ಲಿ ನಿಷ್ಠೆಯಿಟ್ಟವರಿಗೆ ಅದು ಈ ಸಾಲನ್ನು ಅನ್ವಯಿಸುತ್ತದೆ.

ನಾಲ್ಕನೆಯ ವಾರ ಪತ್ರಿಕೆ ತೆರೆದಾಗ, ಪೌಲನಲ್ಲಿ ‘ತನ್ನ’ವೂ ಇಲ್ಲ, ‘ನನ್ನ’ವೂ ಇಲ್ಲ ಎಂಬುದನ್ನು ಎಂಟೊಂಬತ್ತು ಮಂದಿ ನನ್ನ ನೆರವಿಲ್ಲದೆಯೇ ಕಂಡುಕೊಂಡರು. ಯೆಹೂದ್ಯರೊಳಗೆ ನಡೆಯುತ್ತಿದ್ದ ಚರ್ಚೆಯಲ್ಲಿ ಪೌಲನೂ ಕುಳಿತು ವಾದಿಸುತ್ತಿದ್ದಾನೆ ಎಂದು ನಿವೃತ್ತ ಶಿಕ್ಷಕಿಯೊಬ್ಬರು ಹೇಳಿದ ಮಾತನ್ನು ಸ್ವತಃ ನಾನೇ ಅಷ್ಟು ಸ್ಪಷ್ಟವಾಗಿ ಎಂದೂ ಹೇಳಿರಲಿಲ್ಲ. ಅದಕ್ಕೆ ಮುಂಚೆ ನಾನು ಕೇಳಿದ ಒಂದು ಪ್ರಶ್ನೆಯೇ ಕೀಲಿಕೈ. ಮುಂದಿನ ತಂಡದವರೂ ಇದನ್ನು ಓದುವುದರಿಂದ ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ, ಅಬ್ರಹಾಮನ ನಂಬಿಕೆಯನ್ನು ದೇವರು ನೀತಿಯೆಂದು ಎಣಿಸಿದನೆನ್ನುವ ಆದಿಕಾಂಡ 15:6ರ ಮೇಲೂ ಇದನ್ನೇ ಪ್ರಯೋಗಿಸಿದೆ. ಅಬ್ರಹಾಮನು ಶೋಧನೆಯಲ್ಲಿ ನಂಬಿಗಸ್ತನಾಗಿ ಕಂಡದ್ದೇ ನೀತಿಯೆಂದು ಎಣಿಸಲ್ಪಟ್ಟಿತೆನ್ನುವ ಪ್ರಾಚೀನ ಯೆಹೂದ್ಯ ಗ್ರಂಥ 1 ಮಕ್ಕಬಿಯರು 2:52ನ್ನು ಮೊದಲು ಓದಿದವರಿಗೆ, ನಂಬಿಕೆಯ ಜೊತೆ ಕ್ರಿಯೆಯೂ ಬೇಕೆನ್ನಲು ಇಸಾಕನ ಬಲಿಯ ಪ್ರಸಂಗವನ್ನು ಎತ್ತುವ, ಹೊಸ ಒಡಂಬಡಿಕೆಯ ಯಾಕೋಬನ ಪತ್ರಿಕೆ ಪೌಲನಿಗೆ ವಿರುದ್ಧವಾಗಿ ದಿಢೀರನೆ ಹುಟ್ಟಿದ್ದೆಂದು ತೋರಲಿಲ್ಲ.

ಹಬಕ್ಕೂಕನ ಇದೇ ಸಾಲನ್ನು ಉಲ್ಲೇಖಿಸುವ ಇನ್ನೊಂದು ಪತ್ರಿಕೆಯಾದ ಇಬ್ರಿಯರಿಗೆ 10:38ರಲ್ಲಿ ಹಲವು ಪ್ರಾಚೀನ ಹಸ್ತಪ್ರತಿಗಳು ‘ನನ್ನ ನೀತಿವಂತನು’ ಎನ್ನುತ್ತವೆ. ಹೀಗೆ ಜಾಗ ಬದಲಿಸಿದ ‘ನನ್ನ’ವನ್ನು ಮುಂದಿನ ತಂಡಕ್ಕೆ ಇನ್ನೊಂದು ಚೀಟಿಯಾಗಿ ಸಿದ್ಧಮಾಡುತ್ತಿದ್ದೇನೆ.